ವಿಭೂತಿಯಲ್ಲಿ ಉಜ್ಜಿದ ಬೆಳ್ಳಿ

ಒದ್ದೆ ವಿಭೂತಿಯ ವಾಸನೆ ನನಗೀಗ ಆಗುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳ್ಳಿ ದೀಪಗಳನ್ನು ಬೆಳಗಲು ಕೂತರೆ ಸಾಕು, ಕೆಳಗಿನ ಮನೆಯ ಓನರಮ್ಮ ಕಣ್ಣೆದುರು ಬಂದು ನಿಲ್ಲುತ್ತಾರೆ. ಮುಖ ಬಿಗಿದುಕೊಂಡೇ ನಿಲ್ಲುತ್ತಾರೆ. ಆಕೆ ನಕ್ಕಿದ್ದನ್ನು ನಾನು ನೋಡಿಲ್ಲ.

ಜಪಾನಿನ ಕೋಬೆಯ ಗುಡ್ಡದ ಇಳಿಜಾರಿನಲ್ಲಿ ಆಕೆಯದೊಂದು ಹಳೆಯ ಎರಡಂತಸ್ತಿನ ಮನೆ. ಕೆಳಗೆ ಆಕೆ ಒಬ್ಬರೇ, ಮೇಲೆ ಬಾಡಿಗೆಗೆ ನಾನು, ನನ್ನ ಗಂಡ. ಆಕೆ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. 'ನಿಕಾಯ್-ಸಾನ್' ಎನ್ನುತ್ತಿದ್ದರು, 'ಮಹಡಿಯವರೇ' ಎಂದ ಹಾಗೆ. ಕುಕ್ಕರ್ ಕೂಗಿದರೆ ಕೆಳಗಿನಿಂದ ಬಿದಿರು ಕೋಲಿನಲ್ಲಿ ಸೂರು ಕುಟ್ಟುತ್ತಿದ್ದರು. ಕಸದ ಚೀಲವನ್ನು ಅದರ ದಿನ ಬಿಟ್ಟು ಬೇರೆ ದಿನ ಹೊರಗಿಟ್ಟರೆ ಅದನ್ನು ಹೊತ್ತು ತಂದು ನಮ್ಮ ಬಾಗಿಲಿಗೆ ಒರಗಿಸಿ 'ಸುಮಿಮಾಸೆನ್', ಕ್ಷಮಿಸಿ, ಎಂದು ಇಳಿದು ಹೋಗುತ್ತಿದ್ದರು. ಅದಕ್ಕಿಂತ ಒಂದು ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಎಲ್ಲ ಕೆಡುವ ಮುಂಚಿನ ಕೊನೆಯ ಸಾಧಾರಣ ದಿನ ಒಂದು ಮಂಗಳವಾರ. ಆ ವಾರ ಬಿರುಗಾಳಿ ಬರುತ್ತದೆ ಎಂದು ಟಿವಿಯಲ್ಲಿ ಹೇಳುತ್ತಲೇ ಇದ್ದರು. ಹೋದ ಸಲ ಬಂದಾಗ ಕೆಳಗಿನ ಮನೆಗೆ ನೀರು ನುಗ್ಗಿತ್ತು. ಮರುದಿನ ಆಕೆ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಸೇರಬೇಕಿತ್ತು. ಹಾಗಾಗಿ ಒಂದು ಮರದ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು.

ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಆಗ ಸೋಫಾದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಓನರಮ್ಮ ಪೆಟ್ಟಿಗೆ ಬಿಚ್ಚಿದರು. ಒಳಗೆ ಬೆಳ್ಳಿಯ ಚಹಾ ಸೆಟ್ಟು: ಒಂದು ಟೀಪಾಟ್, ಒಂದು ಹಾಲಿನ ಜಗ್ಗು, ಒಂದು ಸಕ್ಕರೆ ಬಟ್ಟಲು. ಅವರ ಅಪ್ಪ ಮಾಡಿದ್ದಂತೆ. ಹಡಗಿನಲ್ಲಿ ಬರುವ ಬಿಳಿಯರಿಗೆಂದು ಅವರ ಮನೆತನದವರು ತಲೆಮಾರುಗಳಿಂದ ಇಂಥವನ್ನು ಮಾಡುತ್ತಿದ್ದರು. ಇದೊಂದು ಸೆಟ್ಟನ್ನು ಮಾತ್ರ ಅಪ್ಪ ಮಾರಲಿಲ್ಲ...

ಅವತ್ತೊಂದು ದಿನ ಆಕೆ ನನ್ನ ಜೊತೆ ಸ್ವಲ್ಪ ಹೊತ್ತು ಮಾತಾಡಿದರು. ಟೀಪಾಟಿನ ಹೊಟ್ಟೆಯ ಮೇಲೆ ಉಬ್ಬಿದ ಐರಿಸ್ ಹೂಗಳಿದ್ದವು. ಕಾಣದ ಕಣ್ಣನ್ನು ಅದಕ್ಕೆ ತೀರ ಹತ್ತಿರ ತಂದು ಬೆರಳಾಡಿಸುತ್ತಾ ಹೇಳಿದರು. ಹಾಳೆಯಂಥ ಬೆಳ್ಳಿಯನ್ನು ಬಡಿದು ಬಡಿದು ಬಟ್ಟಲಿನ ಆಕಾರಕ್ಕೆ ತರುತ್ತಾರೆ. ಒಳಗೆ ರಾಳ ತುಂಬಿ, ಸಣ್ಣ ಉಳಿಗಳಿಂದ ಹೂವನ್ನು ತಿದ್ದುತ್ತಾರೆ. ಆಮೇಲೆ ಗಂಧಕದಲ್ಲಿ ಇಡೀ ಬೆಳ್ಳಿಯನ್ನು ಬೇಕೆಂದೇ ಕಪ್ಪು ಮಾಡುತ್ತಾರೆ. ಅದಕ್ಕೆ ಇಬುಶಿ ಎನ್ನುತ್ತಾರೆ. ಕೊನೆಗೆ ಬರೀ ಹೆಬ್ಬೆರಳಿನಿಂದ ದಳಗಳ ಮೇಲಿನ ಕಪ್ಪನ್ನು ಒರೆಸುತ್ತಾ ಬರುತ್ತಾರೆ. ಸಂದಿನಲ್ಲಿ ಉಳಿದ ಕಪ್ಪೇ ಹೂವಿನ ನೆರಳು.

"ಇಲ್ಲಿ ಅಪ್ಪನ ಹೆಬ್ಬೆರಳು ನಿಂತಿದೆ," ಎಂದು ಒಂದು ಕಡೆ ಉಗುರಿಟ್ಟು ತೋರಿಸಿದರು. "ನನಗೆ ಕಾಣದೆ ವರ್ಷಗಳಾದವು. ಕಣ್ಣು ಕಾಣುವಂತಾದ ಮೇಲೆ ಮೊದಲು ಇದನ್ನು ನೋಡಬೇಕು."

ಮರುಕ್ಷಣವೇ ಮುಖ ಗಂಟಿಕ್ಕಿತು. "ಪೆಟ್ಟಿಗೆ ತೆಗೆಯಬೇಡಿ ನಿಕಾಯ್-ಸಾನ್. ನಿಮ್ಮ ಮನೆಯಲ್ಲಿ ಎಣ್ಣೆ ಹೊಗೆ."

ಈ ಕೊನೆಯ ಮಾತನ್ನು ಹಾಗೇ ಕನ್ನಡದಲ್ಲಿ ಅತ್ತೆಗೆ ಹೇಳಿದೆ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, "ಅವಳ ಬೆಳ್ಳಿಗಿಂತ ನಮ್ಮ ಬಾಂಡಲಿ ತಳ ವಾಸಿ. ಅಷ್ಟು ಕಪ್ಪು. ಅದಕ್ಕೂ ಜಂಬ!" ಎಂದರು.

ಬರುತ್ತೇನೆಂದ ಬಿರುಗಾಳಿ ದಾರಿ ಬದಲಿಸಿ ಸಮುದ್ರಕ್ಕೆ ಹೋಯಿತು. ಗುರುವಾರ ಸಂಜೆ ಕೆಲಸ ಮುಗಿಸಿ ಬಂದಾಗ ಮನೆಯೆಲ್ಲ ಒದ್ದೆ ವಿಭೂತಿ ನಾರುತ್ತಿತ್ತು. ಹಬ್ಬಕ್ಕೆಂದು ಅತ್ತೆ ದೀಪ, ಪಂಚಪಾತ್ರೆ, ಕುಂಕುಮದ ಭರಣಿ ಎಲ್ಲ ಬೆಳಗಿ ಹಳೆಯ ಪಂಚೆಯ ಮೇಲೆ ಸಾಲಾಗಿ ಇಟ್ಟಿದ್ದರು. ಸಾಲಿನ ಕೊನೆಯಲ್ಲಿ ಟೀಪಾಟು ಮತ್ತು ಹಾಲಿನ ಜಗ್ಗು. ಆಸ್ಪತ್ರೆಯ ಟ್ರೇಯ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಹೂಗಳಿದ್ದವು, ನೆರಳಿರಲಿಲ್ಲ.

"ಅತ್ತೆ, ಏನ್ ಮಾಡಿದ್ರಿ?"

"ಇನ್ನೇನ್ ಮಾಡ್ಲಿ? ನಾಳೆ ಲಕ್ಷ್ಮಿ ಬರೋ ಮನೇಲಿ ಬೆಳ್ಳಿ ಕಪ್ಪಗೆ ಕೂತಿರಬಹುದೇನೇ? ಸಂದಿಸಂದಿಗೂ ಕಡ್ಡಿಗೆ ಬಟ್ಟೆ ಸುತ್ತಿ ಉಜ್ಜಿದೀನಿ. ಕೈ ಬಿದ್ದುಹೋಯ್ತು. ವಿಭೂತಿ ಮುಗೀತು, ಇಲ್ದಿದ್ರೆ ಆ ಬಟ್ಟಲೂ ಆಗಿಹೋಗ್ತಿತ್ತು."

ಸಕ್ಕರೆ ಬಟ್ಟಲೊಂದು ಪೆಟ್ಟಿಗೆಯಲ್ಲೇ ಉಳಿದಿತ್ತು, ಕಪ್ಪು ಕಪ್ಪಾಗಿ.

ಶನಿವಾರ ಓನರಮ್ಮ ಆಸ್ಪತ್ರೆಯಿಂದ ಬಂದರು. ಚೀಲವನ್ನೂ ಕೆಳಗಿಡದೆ ನೇರ ಮೇಲಕ್ಕೆ. ಪೊರೆ ಹೋದ ಕಣ್ಣುಗಳು ತೇವವಾಗಿ, ತೀರ ಚುರುಕಾಗಿದ್ದವು. ನಾನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಬಿಚ್ಚಿದರು. ಟೀಪಾಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು. ಉಗುರು ಆ ಜಾಗವನ್ನು ಹುಡುಕುತ್ತಿತ್ತು...

"ಅರಿಗಾತೋ ಅನ್ನೋಕ್ಕೆ ಏನು ರೋಗ ಇವಳಿಗೆ?" ಎಂದರು ಅತ್ತೆ ನಗುತ್ತಲೇ. ಥ್ಯಾಂಕ್ಸಿಗೆ ಇರುವ ಆ ಒಂದು ಜಪಾನಿ ಪದ ಅವರಿಗೆ ಗೊತ್ತಿತ್ತು.

ಓನರಮ್ಮ ನನ್ನ ಕಡೆ ತಿರುಗಿದರು. "ಈ ಅಜ್ಜಿಗೆ ಹೇಳಿ. ನನ್ನ ಅಪ್ಪನನ್ನು ತೊಳೆದು ಚೆಲ್ಲಿದರು."

ಅತ್ತೆ ಬಿಡಲಿಲ್ಲ. "ಏನಂತೆ? ಹೇಳೇ." ಹೇಳಿದೆ. ಅವರ ನಗು ನಿಂತಿತು. "ನಾನು ತೊಳೆದಿದ್ದು ಕೊಳೆ ಕಣೇ. ಅವರಪ್ಪ ಏನು ಕೊಳೆಯಾ?"

ಅದನ್ನು ನಾನು ಜಪಾನಿ ಭಾಷೆಗೆ ತರಲಿಲ್ಲ. ತರುವ ಅಗತ್ಯವೂ ಬೀಳಲಿಲ್ಲ. ದನಿ ಸಾಕಾಗಿತ್ತು. ಓನರಮ್ಮ ಪೆಟ್ಟಿಗೆ ಮುಚ್ಚಿದರು. "ಕುರುಡಿಯಾಗೇ ಇದ್ದಿದ್ದರೆ ಆಗುತ್ತಿತ್ತು," ಎಂದು ಮೆಟ್ಟಿಲಿಗೆ ಹೇಳುವಂತೆ ಹೇಳಿ ಇಳಿದು ಹೋದರು.

ಆಮೇಲೆ ಆ ಮನೆಯಲ್ಲಿ ಯುದ್ಧ. ಮೆಟ್ಟಿಲ ದೀಪ ಆರಿತು. ಆರಿದ್ದು ಬಲ್ಬು ಕೆಟ್ಟು ಅಲ್ಲ, ಓನರಮ್ಮ ಬಲ್ಬನ್ನೇ ಬಿಚ್ಚಿಟ್ಟಿದ್ದರು. ಒಣಗಲು ಹಾಕಿದ ಸೀರೆಯ ಕೆಳಗೆ ಆಕೆ ಮೀನು ಸುಟ್ಟರೆ, ಅತ್ತೆ ಆಕೆಯ ಕಿಟಕಿಯ ನೇರಕ್ಕೆ ನಿಂತು ಒಣಮೆಣಸಿನಕಾಯಿ ಹುರಿಯುತ್ತಿದ್ದರು. "ಕೆಮ್ಮಲಿ ಮಹಾತಾಯಿ," ಎನ್ನುತ್ತಿದ್ದರು. ವೀಸಾ ಮುಗಿದು ಅತ್ತೆ ಮೈಸೂರಿಗೆ ಹೋದರು. ಅವರ ಪಾಲಿನ ದ್ವೇಷವೂ ನನ್ನ ಹೆಸರಿಗೇ ಬಂತು. ಎದುರಿಗೆ ಸಿಕ್ಕರೆ ಓನರಮ್ಮ ಗೋಡೆಗೆ ತಲೆಬಾಗಿ ಹೋಗುತ್ತಿದ್ದರು. ಸೂರು ಕುಟ್ಟುವುದನ್ನೂ ಬಿಟ್ಟರು. ನಾನು ಸಿಟ್ಟಿಗೆ ಕುಕ್ಕರನ್ನು ಬೇಕೆಂದೇ ಕೂಗಿಸುತ್ತಿದ್ದೆ. ಕೆಳಗಿನಿಂದ ಸದ್ದಿಲ್ಲ.

ಒಮ್ಮೆ ಮಾತ್ರ ತಡೆದು ನಿಲ್ಲಿಸಿ ಕೇಳಿದೆ. ಈ ಊರಿನಲ್ಲಿ ಬೆಳ್ಳಿ ಕೆಲಸದವರು ಇನ್ನೂ ಇದ್ದಾರಲ್ಲ, ಮತ್ತೆ ಕಪ್ಪು ಮಾಡಿಸಬಹುದಲ್ಲ, ನಾವೇ ಮಾಡಿಸಿಕೊಡುತ್ತೇವೆ ಎಂದೆ.

"ಮಾಡಿಸಬಹುದು," ಎಂದರು. "ಆ ಕೆಲಸದವರ ಹೆಬ್ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲುತ್ತದೆ." ಆಮೇಲೆ ಬಹಳ ವಿನಯದಿಂದ ಬಾಗಿ ಬಾಗಿಲು ಹಾಕಿಕೊಂಡರು. ನನ್ನ ಜೊತೆ ಆಡಿದ ಕೊನೆಯ ಮಾತು ಅದೇ.

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡರು. ಅಂತ್ಯಕ್ರಿಯೆಗೆ ನಮ್ಮನ್ನು ಯಾರೂ ಕರೆಯಲಿಲ್ಲ. ಕೆಲವು ವಾರಗಳ ಮೇಲೆ ಆಕೆಯ ತಮ್ಮನ ಮಗ ಆ ಪೆಟ್ಟಿಗೆ ಹಿಡಿದು ಬಂದ. "ಇದು ಮಹಡಿಯವರಿಗೆ ಎಂದು ಹೇಳಿದ್ದರು," ಎಂದ. ಒಳಗೆ ಟೀಪಾಟು, ಹಾಲಿನ ಜಗ್ಗು. ಮೂರನೆಯ ಗೂಡು ಖಾಲಿ. ಸಕ್ಕರೆ ಬಟ್ಟಲು ಎಲ್ಲಿ ಎಂದು ಕೇಳಿದೆ. ಅಂಥದ್ದೊಂದು ಇತ್ತೆಂದೇ ಅವನಿಗೆ ಗೊತ್ತಿರಲಿಲ್ಲ. ಮನೆಯೆಲ್ಲ ಖಾಲಿ ಮಾಡಿದ್ದಾಗಿತ್ತು. ಹಳೆ ಸಾಮಾನಿನವರು ಲಾರಿಯಲ್ಲಿ ತುಂಬಿಕೊಂಡು ಹೋಗಿದ್ದರು.

ಆಕೆ ಮನಸ್ಸು ಕರಗಿಯೇ ಕೊಟ್ಟಿದ್ದಾರೆ ಎನ್ನುತ್ತಾರೆ ನನ್ನ ಗಂಡ. ನನಗೆ ಹಾಗನ್ನಿಸುವುದಿಲ್ಲ. ನಾವು ಕೆಡಿಸಿದ್ದನ್ನು ನಮಗೇ ಕಳಿಸಿದ್ದಾರೆ. ಸತ್ತ ಮೇಲೂ ಕಸದ ಚೀಲವನ್ನು ಬಾಗಿಲಿಗೆ ಒರಗಿಸಿ ಹೋದ ಹಾಗೆ. ಆದರೂ ಕುಕ್ಕರ್ ಕೂಗಿದಾಗಲೆಲ್ಲ ಕಿವಿ ತಾನಾಗಿ ನೆಲದ ಕಡೆ ಹೋಗುತ್ತದೆ.

ಇವತ್ತು ಗುರುವಾರ, ನಾಳೆ ಹಬ್ಬ. ಬೆಳಿಗ್ಗೆ ಅತ್ತೆ ವಿಡಿಯೋ ಕಾಲ್ ಮಾಡಿದ್ದರು. ಬೆಳಗಿದ ದೀಪಗಳನ್ನು ತೋರಿಸುವಾಗ ಹಿಂದೆ ಕಪಾಟಿನಲ್ಲಿದ್ದ ಟೀಪಾಟು ಅವರ ಕಣ್ಣಿಗೆ ಬಿತ್ತು.

"ಅಯ್ಯೋ, ಮತ್ತೆ ಕಪ್ಪಾಗಿದೆಯಲ್ಲೇ! ಉಜ್ಜು ಅದನ್ನ."

"ಬೇಡ ಅತ್ತೆ."

"ಸತ್ತವಳಿಗೆ ಈಗಲೂ ಹೆದರ್ತೀಯಾ?"

ನಾನು ಫೋನನ್ನು ದೀಪಗಳ ಕಡೆಗೆ ತಿರುಗಿಸಿದೆ.

ಅದು ತಾನಾಗಿ ಕಪ್ಪಾಗುತ್ತಿದೆ. ಆದರೆ ದಳಕ್ಕೂ ಸಂದಿಗೂ ಒಂದೇ ಕಪ್ಪು. ಕಿಟಕಿಯ ಬೆಳಕಿಗೆ ಹಿಡಿದು, ಆಕೆ ಉಗುರಿಟ್ಟು ತೋರಿಸಿದ ಜಾಗವನ್ನು ನಾನೂ ಹುಡುಕಿದ್ದೇನೆ. ಸಿಗುವುದಿಲ್ಲ. ಆ ಹೆಬ್ಬೆರಳು ಈಗ ಸಕ್ಕರೆ ಬಟ್ಟಲಿನ ಮೇಲೆ ಮಾತ್ರ ಇದೆ. ಹಳೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸುತ್ತಲೇ ಇದ್ದೇನೆ. ಸಕ್ಕರೆ ಬಟ್ಟಲು ಇನ್ನೂ ಸಿಕ್ಕಿಲ್ಲ.