ದಿನವೂ ಹಿಂದಕ್ಕೋಡುವ ತಾರೀಕು

ಹಾಲಿನ ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಬೆಟ್ಟಮ್ಮ ಮೊದಲು ಹಾಲನ್ನು ಮೂಸುತ್ತಾರೆ, ಆಮೇಲೆ ತಂದವಳ ಮುಖ ನೋಡುತ್ತಾರೆ. ಬೂಕನಕೆರೆ ಪಕ್ಕದ ಊರೊಂದರ ಮಹಿಳಾ ಡೈರಿಗೆ ಅವರು ಕಾರ್ಯದರ್ಶಿ. ನೀರು ಬೆರೆತ ಹಾಲು ಯಂತ್ರಕ್ಕಿಂತ ಮೊದಲು ಅವರ ಕಣ್ಣಿಗೆ ಸಿಕ್ಕಿದ್ದೇ ಹೆಚ್ಚು. ಅನುಮಾನ ಕೆಟ್ಟ ಗುಣವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಗುಣಕ್ಕೇ ಊರಿನ ಹೆಂಗಸರು ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು.

ಡೈರಿಗೆ ಕಂಪ್ಯೂಟರ್ ಬಂದಾಗ ಅದನ್ನೂ ಹಾಗೇ ನೋಡಿದರು. ಕೆಲಸ ಕಲಿತರು, ನಂಬಲಿಲ್ಲ. ಸಂಜೆ ಹಾಲು ಗಾಡಿಗೇರಿದ ಮೇಲೆ ಕಂಪ್ಯೂಟರ್ ಆರಿಸಿ, ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದು, ಅದಕ್ಕೊಮ್ಮೆ ಕೈಮುಗಿದು ಬೀಗ ಹಾಕುವುದು ಅವರ ಪದ್ಧತಿ. ಎದುರು ಬೀದಿಯ ಅಂಗಡಿ ಶಾರ್ಟ್ ಸರ್ಕ್ಯೂಟಿಗೆ ಸುಟ್ಟದ್ದನ್ನು ಕಂಡವರು ಅವರು. ಬೀಗದ ಕೈ ಎರಡು. ಒಂದು ಅವರ ಸೆರಗಿನ ಗಂಟಿನಲ್ಲಿ, ಇನ್ನೊಂದು ಹಾಲಿನ ಫ್ಯಾಟು ನೋಡುವ ಪ್ರಮೀಳಾ ಬಳಿ.

ಒಂದು ಬೆಳಿಗ್ಗೆ ಕುಳ್ಳಮ್ಮ ತನ್ನ ಹಾಲಿನ ಚೀಟಿ ಹಿಡಿದು ಬಾಗಿಲಲ್ಲೇ ನಿಂತಳು.

"ಇದೇನಕ್ಕ, ಯಾವುದೋ ಕಾಲದ ಜನವರಿ ಒಂದು ಅಂತ ಬರ್ದೈತೆ! ಆ ತಾರೀಕ್ನಲ್ಲಿ ನನ್ನಸ ಇನ್ನೂ ಕರ ಕಣಕ್ಕ, ಹಾಲೆಲ್ಲಿ ಕೊಟ್ಟಾತು?"

ಸಾಲಿನಲ್ಲಿದ್ದವರು ನಕ್ಕರು. ಬೆಟ್ಟಮ್ಮ ನಗಲಿಲ್ಲ. ತಾರೀಕು ಸರಿಪಡಿಸಿ ಚೀಟಿ ಬದಲಿಸಿ ಕೊಟ್ಟರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಜನವರಿ ಒಂದು. ಅದರ ಮರುದಿನವೂ ಅದೇ.

ಸಂಜೆ ಸರಿಯಿದ್ದದ್ದು ಬೆಳಿಗ್ಗೆ ತಪ್ಪುತ್ತದೆ ಎಂದರೆ, ನಡುವೆ ಯಾರೋ ಒಳಗೆ ಬಂದಿದ್ದಾರೆ. ಕಿಟಕಿಯ ಸರಳು ಅಲುಗಾಡಿಸಿ ನೋಡಿದರು, ಗಟ್ಟಿಯಿತ್ತು. ಹಾಗಿದ್ದರೆ ಬೀಗದ ಕೈ ಇರುವವರೇ. ಮುಂದೆ ಪ್ರಮೀಳಾ ಕಾರ್ಯದರ್ಶಿಯಾದರೆ ಚೆನ್ನ ಎಂದು ಯಾರೋ ಆಡಿದ ಮಾತು ಆಗ ನೆನಪಾಯಿತು. ಚೀಟಿ ತಪ್ಪಾಗಿ ಬರುತ್ತಿದ್ದರೆ ಹೆಸರು ಕೆಡುವುದು ಯಾರದು?

ನಾಲ್ಕನೇ ಬೆಳಿಗ್ಗೆ, ಎಲ್ಲರ ಎದುರಿಗೆ, ಬೆಟ್ಟಮ್ಮ ಕೈ ಚಾಚಿದರು.

"ಕೊಡವ್ವ ಬೀಗದ ಕೈಯ. ನೀನಲ್ದೆ ಇನ್ಯಾರು ಮುಟ್ತಾರೆ ಅದ್ನ?"

"ನಾನ್ಯಾಕಕ್ಕ ತಾರೀಕು ತಿದ್ಲಿ? ಹಳೇ ತಾರೀಕ್ನಲ್ಲಿ ನಂಗೇನು ಗಟ್ಟಿ ಮೊಸರು ಕೊಟ್ಟಾರಾ?"

ಈ ಸಲ ಯಾರೂ ನಗಲಿಲ್ಲ. ಪ್ರಮೀಳಾ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಮುಂದಿನ ಸಭೆಯಲ್ಲಿ ಅವಳನ್ನು ಕೆಲಸದಿಂದ ತೆಗೆಸುವುದೆಂದು ಬೆಟ್ಟಮ್ಮ ಅಲ್ಲೇ ತೀರ್ಮಾನಿಸಿದರು.

ಆ ಸಂಜೆ ಮೇನ್ ಆರಿಸಿ, ಎರಡೂ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಮಲಗಿದರು. ಬೆಳಿಗ್ಗೆ ನೋಡಿದರೆ ಮತ್ತೆ ಜನವರಿ ಒಂದು. ಬೆಟ್ಟಮ್ಮ ತಾರೀಕು ತಿದ್ದಿ, ಕಿಟಕಿಯ ಸರಳನ್ನು ಮತ್ತೊಮ್ಮೆ ಅಲುಗಾಡಿಸಿ ನೋಡಿದರು. ಮನೆಗೆ ಹೋಗಿ, ರಾತ್ರಿ ಆ ಸೆರಗಿನ ಹತ್ತಿರವಿದ್ದ ಗಂಡ ಚಿಕ್ಕಸ್ವಾಮಿಯನ್ನು ಒಂದು ಥರ ನೋಡಿದರು.

"ನನ್ನ ಯಾಕೆ ಅಂಗೆ ನೋಡ್ತೀಯೆ?" ಎಂದರು ಚಿಕ್ಕಸ್ವಾಮಿ. "ನಂಗೆ ಟೀವಿ ಹಾಕಾಕೇ ಬರಾಕಿಲ್ಲ."

ಕೊನೆಗೆ ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶೋಯಬನಿಗೆ ಫೋನು ಮಾಡಿ ವಿಷಯ ಹೇಳಿದರು. ಅವನ ಮೇಲೂ ನಂಬಿಕೆಯಿರಲಿಲ್ಲ.

"ವೈರೆಲ್ಲ ಗಟ್ಟಿಗವೆಯಾ ಅಕ್ಕ?"

"ಅವೆ. ಯಾಕ್ಲಾ, ಬಿಚ್ಕೊಂಡೋಗಾಕಾ?"

"ನಾನು ಪ್ಯಾಟೇಲಿವ್ನಿ, ಫೋನಲ್ಲಿ ಬಿಚ್ಕಳಾಕಾಯ್ತದಾ? ತಾರೀಕು ದಿನಾ ಬ್ಯಾರೆ ಬ್ಯಾರೆ ಬತ್ತದಾ, ಒಂದೇನಾ?"

"ಒಂದೇ."

"ಮನ್ಸ ಕೈಯಾಡಿಸಿದ್ರೆ ದಿನಾ ಅದೇ ತಾರೀಕಿಗೆ ಯಾಕೆ ತಂದು ನಿಲ್ಲುಸ್ತಾನೆ? ಸಂಜೆ ಬಾಗ್ಲಾಕೋ ಮುಂಚೆ ಏನೇನು ಮಾಡ್ತೀರ, ಒಂದೊಂದಾಗಿ ಯೋಳಿ."

ಬೆಟ್ಟಮ್ಮ ಹೇಳಿದರು. ಮೇನ್ ಸ್ವಿಚ್ಚಿಗೆ ಬಂದಾಗ ಶೋಯಬ್ ತಡೆದ.

"ಇವತ್ತು ಅದೊಂದು ಮುಟ್ಬೇಡಿ. ಕಂಪ್ಯೂಟರಿಂದು ಗೋಡೆ ಸ್ವಿಚ್ಚೂ ಅಂಗೇ ಇರ್ಲಿ. ಮಿಕ್ಕಿದ್ದು ದಿನಾ ಮಾಡ್ದಂಗೇ ಮಾಡಿ. ಒಂದೇ ಸಲ ಎಲ್ಡು ಮೂರು ಬದ್ಲಾಯಿಸಿದ್ರೆ ತಪ್ಪು ಯಾವುದ್ರದು ಅಂತ ಗೊತ್ತಾಗಾಕಿಲ್ಲ."

"ಡೈರಿ ಸುಟ್ಟೋದ್ರೆ ನೀನು ಬಂದು ಕಟ್ಟಿಸ್ಕೊಟ್ಟೀಯಾ?"

"ಸುಡಾಕಿಲ್ಲ ಬುಡಿ ಅಕ್ಕ. ನಿಮ್ಮನೆ ಫ್ರಿಜ್ಜು ರಾತ್ರಿಯೆಲ್ಲ ಓಡಾಕಿಲ್ವಾ?"

ಬೆಟ್ಟಮ್ಮನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬೀಗ ತೆಗೆದು ಮೊದಲು ಗಾಳಿ ಮೂಸಿದರು, ಸುಟ್ಟ ವಾಸನೆಯಿರಲಿಲ್ಲ. ಕಂಪ್ಯೂಟರ್ ಹಾಕಿದರು. ಆ ದಿನದ ತಾರೀಕೇ ಇತ್ತು.

ಮಧ್ಯಾಹ್ನ ಶೋಯಬ್ ಬಂದು ಡಬ್ಬಿ ಬಿಚ್ಚಿ, ಧೂಳು ಒರೆಸಿ, ಬಿಲ್ಲೆಯಂಥ ಬ್ಯಾಟರಿಯೊಂದನ್ನು ಈಚೆ ತೆಗೆದ. "ಕರೆಂಟಿಲ್ದಾಗ ತಾರೀಕು ನೆಪ್ಪಲ್ಲಿಟ್ಕಳೋದು ಇದೇಯ. ಸತ್ತೋಗೈತೆ. ನೀವು ಮೇನ್ ಆರ್ಸಿದ ತಕ್ಷಣ ಅದ್ಕೆ ಎಲ್ಲಾ ಮರ್ತೋಗಿ, ಕಂಪ್ನಿಯೋರು ಇಟ್ಟ ಮೊದಲ್ನೇ ತಾರೀಕಿಗೆ ಓಯ್ತದೆ."

ಬೆಟ್ಟಮ್ಮ ಬ್ಯಾಟರಿಯನ್ನು ಮೂಸಿ ನೋಡಿದರು. "ಬ್ಯಾರೇನೂ ಬಿಚ್ಕಳಿಲ್ಲ ತಾನೆ?"

ಶೋಯಬ್ ಎರಡೂ ಜೇಬುಗಳನ್ನು ಈಚೆಗೆ ತಿರುವಿ ತೋರಿಸಿದ. ಬೆಟ್ಟಮ್ಮ ನಿಜವಾಗಿಯೂ ನೋಡಿದರು. ಆಮೇಲೆ ಮೇನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿಸಿದರು. ಹೊಸ ಬ್ಯಾಟರಿ ಹಾಕಿದ ಕಂಪ್ಯೂಟರಿನಲ್ಲಿ ತಾರೀಕು ಅಲುಗಾಡಿರಲಿಲ್ಲ.

ಕಳ್ಳರು ಯಾರೂ ಇರಲಿಲ್ಲ. ಬೆಂಕಿ ಬೀಳದಿರಲೆಂದು ದಿನಾ ಹಿಡಿ ಎಳೆದು ತಾರೀಕು ಕೆಡಿಸುತ್ತಿದ್ದವರು ಬೆಟ್ಟಮ್ಮನೇ.

ಸಂಜೆ ಪ್ರಮೀಳಾ ಮನೆಯ ಕೊಟ್ಟಿಗೆಗೆ ಹೋದರು. ಅವಳು ಎಮ್ಮೆ ಕರೆಯುತ್ತಿದ್ದಳು, ತಿರುಗಿ ನೋಡಲಿಲ್ಲ.

"ಬ್ಯಾಟರಿ ಓಗಿತ್ತಂತೆ ಕಣವ್ವ. ತಗೋ, ನಿನ್ನ ಬೀಗದ ಕೈಯ."

"ಕಿತ್ಕಂಡಿದ್ದು ಊರೆಂಗಸ್ರ ಮುಂದೆ. ಕೊಡಾಕೆ ಎಮ್ಮೆ ಮುಂದೆ ಬಂದ್ಯಾ?"

ಬೆಟ್ಟಮ್ಮ ಬೀಗದ ಕೈಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹಿಂತಿರುಗಿದರು.

ಮರುದಿನ ಬೆಳಿಗ್ಗೆ ಡೈರಿಯ ಬಾಗಿಲು ತೆರೆಯಲಿಲ್ಲ. ಬೀಗದ ಕೈ ಸೆರಗಿನಲ್ಲಿದ್ದರೂ ಬೆಟ್ಟಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಕ್ಯಾನು ಹೊತ್ತು ಬಂದವರು ಗೊಣಗಿದರು.

"ಗಾಡಿ ಬರೋ ಹೊತ್ತಾಯ್ತು ಕಣಕ್ಕ, ತೆಗೀಬಾರ್ದಾ?"

"ಪ್ರಮೀಳಾ ಬಂದು ತೆಗೀಲಿ. ತಡೀರಿ."

ಸುದ್ದಿ ಅವಳ ಮನೆ ಮುಟ್ಟಿತು. ಪ್ರಮೀಳಾ ಬಂದು ಕೈ ಚಾಚಿದಳು. ಬೆಟ್ಟಮ್ಮ ಎದ್ದು ಎಲ್ಲರಿಗೂ ಕೇಳುವಂತೆ, "ತಪ್ಪು ನಂದು. ಇವಳು ಏನೂ ಮುಟ್ಟಿರ್ಲಿಲ್ಲ" ಎಂದು ಬೀಗದ ಕೈ ಕೊಟ್ಟರು.

ಪ್ರಮೀಳಾ ಬಾಗಿಲು ತೆಗೆದಳು, ಮೇನ್ ಹಾಕಿದಳು, ಕಂಪ್ಯೂಟರಿನ ಗುಂಡಿ ಒತ್ತಿದಳು. ಪರದೆ ಬೆಳಗುವಾಗ ಬೆಟ್ಟಮ್ಮ ಬೇರೆ ಕಡೆ ನೋಡಬೇಕೆಂದುಕೊಂಡರು. ಆದರೂ ಕಣ್ಣು ಪರದೆಯ ಮೂಲೆಗೆ ಹೋಯಿತು.

"ಸರಿಯಾಗೈತೆ, ನೋಡ್ಕಳಕ್ಕ," ಎಂದು ಪ್ರಮೀಳಾ ಸ್ವಲ್ಪ ಪಕ್ಕಕ್ಕೆ ಸರಿದಳು. "ನೋಡ್ದೆ ನಿಂಗೆ ತಡ್ಯಾಕಾಗಾಕಿಲ್ಲ."