ಔಷಧಕ್ಕ ನನ್ನ ದನಿ ಇಲ್ಲ

ವಿಜಯವಾಡದ ಮೇ ತಿಂಗಳಲ್ಲಿ, ಕಾಗೆ ಕೂಡ ನೆರಳು ಹುಡುಕುವ ಹೊತ್ತಿನಲ್ಲಿ, ನಮ್ಮ ಮನೆಯೊಡತಿ ಅಕ್ಕ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಕೂತಿರುತ್ತಿದ್ದರು. ಹಣೆಯ ಬೆವರು ಇಳಿದು ಮಫ್ಲರಿನಲ್ಲಿ ಇಂಗುತ್ತಿತ್ತು. ದವಡೆಯಲ್ಲಿ ಸದಾ ಜ್ಯೇಷ್ಠಮಧುವಿನ ತುಂಡು. ಫ್ರಿಜ್ಜಿನ ನೀರು ಆ ಗಂಟಲಲ್ಲಿ ಇಳಿದದ್ದನ್ನು ನಾನಂತೂ ಕಾಣೆ. ಹುಬ್ಬಳ್ಳಿಯಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಹೋಗಿ ಅವರ ಮಹಡಿಗೆ ಬಾಡಿಗೆಗೆ ಸೇರಿದ ನಾನು, ಮೊದಲ ದಿನ ಆ ಅವತಾರ ನೋಡಿ, ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಅಂತಲೇ ತಿಳಿದೆ.

ಆ ಗಂಟಲೇ ಅವರಿಗೆ ಅನ್ನ ಹಾಕುತ್ತಿತ್ತು. ಗದಗ ಸೀಮೆಯಿಂದ ರೈಲ್ವೆ ಗುಮಾಸ್ತರ ಕೈಹಿಡಿದು ಬಂದವರು, ಬೇಗ ಗಂಡನನ್ನು ಕಳೆದುಕೊಂಡು, ಕಲಿತ ತೆಲುಗನ್ನೇ ಕಸುಬು ಮಾಡಿಕೊಂಡಿದ್ದರು. ರೇಡಿಯೋದಲ್ಲಿ, ಟಾಕೀಸಿನಲ್ಲಿ, ಊರು ಸುತ್ತುವ ಪ್ರಚಾರದ ಆಟೋಗಳಲ್ಲಿ ಸೀರೆ ಅಂಗಡಿ, ಉಪ್ಪಿನಕಾಯಿ, ಅಗರಬತ್ತಿ ಎಂದರೆ ಅಕ್ಕನ ದನಿಯೇ. ಆದರೆ ತಿಂದು ನೋಡದ, ಉಟ್ಟು ನೋಡದ ಸಾಮಾನಿಗೆ ಅವರು ಬಾಯಿ ತೆರೆದವರಲ್ಲ. ರುಚಿ ಕೆಟ್ಟಿದ್ದರೆ ಉಪ್ಪಿನಕಾಯಿಯ ಸೀಸೆ ಮುಚ್ಚಳ ಸಮೇತ ವಾಪಸು. ಔಷಧದವರಿಗೆ ಬಾಗಿಲಲ್ಲೇ ಕೈಮುಗಿದು ಕಳಿಸಿ, ಒಳಗೆ ಬಂದು ನನಗೆ ಹೇಳುತ್ತಿದ್ದರು: "ಉಪ್ಪಿನಕಾಯಿ ನೆಕ್ಕಿ ನೋಡಬಹುದು. ಇವರ ಗುಳಗಿ ಮಂದಿ ಹೊಟ್ಟ್ಯಾಗ ಏನ ಮಾಡ್ತದೋ ನಾ ಏನ ಬಲ್ಲೆ? ಔಷಧಕ್ಕ ನನ್ನ ದನಿ ಇಲ್ಲ."

ನನ್ನ ತೆಲುಗಿಗೂ ಅವರೇ ಗುರು. ಒಮ್ಮೆ ಕೌಂಟರಿನಲ್ಲಿ ತಡಬಡಿಸುತ್ತಿದ್ದ ಹಿರಿಯರೊಬ್ಬರಿಗೆ, ಗಡಿಬಿಡಿ ಬೇಡ ಎನ್ನುವ ಅರ್ಥದಲ್ಲಿ, "ಮೀ ಅವಸರಂ ಲೇದಂಡಿ" ಅಂದುಬಿಟ್ಟೆ. ಆ ಮನುಷ್ಯ ಕೆಂಪಗಾಗಿ ಮ್ಯಾನೇಜರರ ಕೋಣೆಗೇ ನುಗ್ಗಿದರು. ಸಂಜೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹುಚ್ಚಪ್ಪಾ, ಇಲ್ಲಿ ಅವಸರ ಅಂದ್ರ ಗಡಿಬಿಡಿ ಅಲ್ಲ, ಜರೂರು. ನಿಮ್ಮ ಜರೂರು ಇಲ್ಲ, ನಡೀರಿ ಅಂದಂಗಾತು." ಆ ಶಬ್ದವನ್ನು ನಾನು ಮತ್ತೆ ಮರೆಯಲಿಲ್ಲ.

ನೋಡನೋಡುತ್ತ ಅಂಗಡಿಯವರೆಲ್ಲ ಫೋನಿನ ಹಿಂದೆ ಬಿದ್ದರು. ಎಲ್ಲರಿಗೂ ರೀಲ್ಸ್ ಬೇಕು, ಅದೂ ಇವತ್ತೇ ಬೇಕು. ಗವರ್ನರ್‌ಪೇಟೆಯ ಜಾಹೀರಾತು ಏಜೆನ್ಸಿಯವರು ಅಕ್ಕನನ್ನು ಕರೆದು, ತಂಪು ಕೋಣೆಯಲ್ಲಿ ಕೂರಿಸಿ, ಹಾಳೆಗಟ್ಟಲೆ ಓದಿಸಿದರು. ಇನ್ನು ಕಂಪ್ಯೂಟರೇ ನಿಮ್ಮ ಹಾಗೆ ಮಾತಾಡುತ್ತದೆ, ಸೀರೆ-ಉಪ್ಪಿನಕಾಯಿಗೆ ಮಾತ್ರ ಬಳಸುತ್ತೇವೆ ಎಂದರಂತೆ. ಹಳೆಯ ಪರಿಚಯ, ಅಕ್ಕ ನಂಬಿದರು. ಆ ಮೇಲೆ ಯಾರೂ ಅವರನ್ನು ಕರೆಯಲಿಲ್ಲ. ಅದೇ ವರ್ಷ ಥೈರಾಯ್ಡಿನ ಆಪರೇಷನ್ ಆಗಿ ಅವರ ದನಿ ಒಡೆದ ಕೊಡದಂತಾಯಿತು. ಮಫ್ಲರು ಬಿಚ್ಚಿ ಮೊಳೆಗೆ ನೇತುಹಾಕಿದರು. ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು.

ಅಲ್ಲಿ ಬಂದರಿನ ರಸ್ತೆಯ ಶಾಖೆಯಲ್ಲಿ ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಿದ್ದೆ. ಪಕ್ಕದವರ ಫೋನಿನಿಂದ ಅಕ್ಕನ ದನಿ ಬಂತು. ಹಳೆಯ ದನಿ, ತುಪ್ಪ ಹಾಕಿದಂಥದ್ದು. ಸಕ್ಕರೆ ಕಾಯಿಲೆಗೆ ಏನೋ ಪುಡಿಯಂತೆ. "ಇಂಕ ಮಾತ್ರಲ ಅವಸರಂ ಲೇದು." ಇನ್ನು ಗುಳಿಗೆ ಬೇಕಾಗಿಲ್ಲ. ನನ್ನ ತುತ್ತು ಕೈಯಲ್ಲೇ ಉಳಿಯಿತು. ಆಗಲೇ ಫೋನು ಮಾಡಿದೆ.

"ಔಷಧಕ್ಕ ದನಿ ಇಲ್ಲ ಅಂತಿದ್ರಲ್ಲ, ಅಕ್ಕಾ?"

"ಅದು ನಾ ಅಲ್ಲೋ ತಮ್ಮಾ. ಅಕಿ." ಕಂಪ್ಯೂಟರಿನ ದನಿಗೆ ಅವರು ಇಟ್ಟ ಹೆಸರು ಅದು. "ಕೇಳಿ ನೋಡು, ಅಷ್ಟುದ್ದ ಮಾತಾಡ್ತಾಳ, ಒಮ್ಮಿನೂ ಉಸರ ತಗೊಳ್ಳೂದಿಲ್ಲ." ಆಮೇಲೆ ಅಂದರು, "ಅಕಿ ಮಾತ ಕೇಳಿ ಇಸ್ತ್ರಿಯಮ್ಮ ಗುಳಗಿ ಬಿಟ್ಟಾಳಪಾ. ಕಾಲಾಗ ಹುಣ್ಣ ಆಗೇದ."

ಇಸ್ತ್ರಿಯಮ್ಮ ಅಕ್ಕನ ಮನೆಯ ಮೆಟ್ಟಿಲ ಕೆಳಗೆ ಬಟ್ಟೆ ಇಸ್ತ್ರಿ ಮಾಡುವವಳು. ಸಕ್ಕರೆ ಕಾಯಿಲೆ ಆಕೆಗೆ ಹಳೆಯದು. ಶನಿವಾರ ರೈಲು ಹಿಡಿದು ಹೋದೆ. ಅಕ್ಕ ಆಕೆಯ ಎದುರು ನಿಂತು, ಆ ಮಾತು ನನ್ನದಲ್ಲ ಎಂದು ಬೇಡಿಕೊಳ್ಳುತ್ತಿದ್ದರು. ಇಸ್ತ್ರಿಯಮ್ಮ ಫೋನಿನಲ್ಲಿ ಆ ಜಾಹೀರಾತನ್ನೇ ಹಚ್ಚಿ ತೋರಿಸಿದಳು. "ಇದಿ ಮೀ ಗೊಂತೇ ಅಮ್ಮಗಾರೂ. ಇಪ್ಪುಡು ಮೀಕೇ ಗೊಂತು ಪೋಯಿಂದಿ," ಅಂದಳು. ಇದು ನಿಮ್ಮದೇ ದನಿ, ಈಗ ನಿಮಗೇ ದನಿ ಹೋಗಿದೆ ಅಂತ. ಕುಹಕವೇನಲ್ಲ, ಪಾಪ, ಕನಿಕರದಿಂದಲೇ ಅಂದಳು. ಅಕ್ಕ ಗೋಡೆ ಹಿಡಿದು ಕೂತರು. ಗಂಡ ಸತ್ತ ಕಥೆಯನ್ನು ಕಣ್ಣು ತೇವವಾಗದೆ ಹೇಳಿದ್ದ ಹೆಂಗಸು ಅಂದು ಅತ್ತರು.

ಏಜೆನ್ಸಿಗೂ ಹೋದೆವು. ಅಲ್ಲಿ ಬಹಳ ಮರ್ಯಾದೆ ಮಾಡಿ ಕಾಫಿ ಕೊಟ್ಟರು. ಪುಡಿಯವರಿಗೆ ನಾವು ಕೊಟ್ಟಿಲ್ಲವಂಡಿ, ಯಾರೋ ನಕಲು ಮಾಡಿಕೊಂಡಿದ್ದಾರೆ, ಒಂದನ್ನು ತೆಗೆಸಿದರೆ ಹತ್ತು ಬರುತ್ತವೆ ಎಂದರು. ನಾನು ಟೇಬಲ್ಲು ಗುದ್ದಿ ಕೂಗಾಡಿದೆ. ಕಾಫಿ ಚೆಲ್ಲಿತೇ ಹೊರತು ಬೇರೇನೂ ಆಗಲಿಲ್ಲ. ಹೊರಗೆ ಬಂದು ಅಕ್ಕ ಅಂದರು: "ಸುಮ್ಮನಿರು. ಅಕಿ ಜೋಡಿ ಮಾತಿನ್ಯಾಗ ನಾ ಗೆಲ್ಲಂಗಿಲ್ಲ."

ಮರುದಿನದಿಂದ ಅವರು ಮಾತು ಬಿಟ್ಟರು. ಬೆಳಿಗ್ಗೆ ಎರಡು ಇಡ್ಲಿ, ಒಂದು ಲೋಟ ನೀರು, ಗುಳಿಗೆ ಹಿಡಿದು ಮೆಟ್ಟಿಲಿಳಿದು ಇಸ್ತ್ರಿಯಮ್ಮನ ಮುಂದೆ ನಿಂತುಬಿಡುವುದು. ನುಂಗುವ ತನಕ ಕದಲುವ ಮಾತಿಲ್ಲ. ಬೈದರೂ ನಿಂತರು, ಗಿರಾಕಿಗಳು ನಕ್ಕರೂ ನಿಂತರು. ಕಡೆಗೆ ಆ ನಿಲ್ಲುವಿಕೆಗೆ ಹೆದರಿಯೋ ನಾಚಿಯೋ ಆಕೆ ಗುಳಿಗೆ ನುಂಗತೊಡಗಿದಳು. ಒಂದು ಬೆರಳು ಹೋಯಿತು, ಕಾಲು ಉಳಿಯಿತು.

ಅಕ್ಕ ಹೋದದ್ದು ಹೃದಯಾಘಾತದಿಂದ, ಕೂತಲ್ಲೇ. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಕೆಳಗಿಳಿದಾಗ ಇಸ್ತ್ರಿಯಮ್ಮ ಇಸ್ತ್ರಿ ಪೆಟ್ಟಿಗೆ ಆರಿಸಿ ಕೂತಿದ್ದಳು. "ಅಮ್ಮಗಾರು ಇಂಕಾ ಫೋನ್ಲೋ ಚೆಪ್ತೂನೇ ಉನ್ನಾರಯ್ಯಾ," ಅಂದಳು. ಅಮ್ಮ ಇನ್ನೂ ಫೋನಿನಲ್ಲಿ ಹೇಳುತ್ತಲೇ ಇದ್ದಾರೆ. ಹಾಗೆ ಅಂದು ನನ್ನ ಮುಖವನ್ನೇ ನೋಡಿದಳು. ಇನ್ನು ಎದುರು ನಿಂತು ಗುಳಿಗೆ ನುಂಗಿಸುವವರು ಯಾರು ಎಂದು ಆಕೆ ಕೇಳುತ್ತಿದ್ದಾಳೆಂದು ನನಗೆ ಅರ್ಥವಾಯಿತು.

ಈಗ ದಿನಾ ಬೆಳಿಗ್ಗೆ ವಿಶಾಖಪಟ್ಟಣದಿಂದ ವಿಡಿಯೋ ಕಾಲ್ ಮಾಡುತ್ತೇನೆ. ಆಕೆ ಫೋನನ್ನು ಬಟ್ಟೆಯ ಗಂಟಿಗೆ ಒರಗಿಸಿ, ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸುತ್ತಾಳೆ. ನಾನೇನೂ ಮಾತಾಡುವುದಿಲ್ಲ. ಕೆಲವು ದಿನ ಆಕೆ ಫೋನು ಎತ್ತುವುದಿಲ್ಲ. ಅಂದು ಬ್ಯಾಂಕಿನಲ್ಲಿ ನನಗೆ ಕೈ ಓಡುವುದಿಲ್ಲ.