ನಿಂತು ಮಾಡಿದ ಮೀಟಿಂಗು

ಸ್ಮಾರ್ಟ್‌ಫೋನು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಕುಂದಾಪುರದಲ್ಲಿ ನಮ್ಮದು ನಾಲ್ಕೇ ಜನರ ಆಫೀಸು. ಲಾಡ್ಜುಗಳಿಗೆ ರೂಮು ಬುಕ್ ಮಾಡುವ ಆ್ಯಪ್ ತಯಾರಿಸುತ್ತಿದ್ದೆವು. ಅದರ ಡಿಸೈನ್ ನನ್ನದು. ಸಂಜೆ ಆರರ ಬಸ್ಸು ತಪ್ಪಿದರೆ ನಾವುಂದ ಊರಿನ ಮನೆಯಲ್ಲಿ ಮಗಳ ಅಳು, ಅತ್ತೆಯ ಊದಿದ ಮುಖ. ಮತ್ತೆ ಮತ್ತೆ ತಪ್ಪಿದ ಮೇಲೆ ಅತ್ತೆ ಹೇಳಿಯೇಬಿಟ್ಟರು, "ಈ ತಿಂಗ್ಳ್ ಕಾಂಬ. ಇಲ್ದಿರೆ ಕೆಲ್ಸ ಬಿಡ್." ನನಗೋ ಆ ಕೆಲಸವೆಂದರೆ ಪ್ರಾಣ.

ಬಸ್ಸು ತಪ್ಪಿಸುತ್ತಿದ್ದದ್ದು ನಮ್ಮ ಬಾಸಿನ ಬಾಯಿ. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವುದು ನಮ್ಮೂರಲ್ಲಿ ಉಂಟೇ? ಗಿರಾಕಿ ಏನು ಕೇಳಿದರೂ "ಆತ್, ಮಾಡಿ ಕೊಡ್ವ" ಎನ್ನುವರು.

ಅಂಥ ಬಾಸೇ ಎಲ್ಲೋ ತರಬೇತಿಗೆ ಹೋಗಿ ಸ್ಕ್ರಮ್ ಎಂಬ ಕೆಲಸದ ಪದ್ಧತಿ ಕಲಿತು ಬಂದರು. ಎರಡು ವಾರಕ್ಕೆ ಇಷ್ಟು ಕೆಲಸ ಎಂದು ಗೊತ್ತುಮಾಡಬೇಕು, ನಡುವೆ ಹೊಸದು ಸೇರಿಸಬಾರದು, ಬೆಳಿಗ್ಗೆ ಎಲ್ಲರೂ ನಿಂತೇ ಮೀಟಿಂಗು ಮಾಡಬೇಕು. ನಿಂತರೆ ಮಾತು ಬೇಗ ಮುಗಿಯುತ್ತದಂತೆ. ಹಾಗೆಂದವರು ಕುಂದಾಪುರದವರನ್ನು ಕಂಡಿರಲಿಕ್ಕಿಲ್ಲ.

ಒಂದು ಬೆಳಿಗ್ಗೆ ಹಾಗೆ ನಿಂತಿದ್ದಾಗ ಕೊಲ್ಲೂರಿನ ಲಾಡ್ಜಿನ ಮಾಲೀಕರು ಒಳಗೆ ಬಂದರು. ತಮ್ಮನ್ನು ಕಂಡು ಎಲ್ಲರೂ ಎದ್ದು ನಿಂತರೆಂದುಕೊಂಡು ಕರಗಿಯೇ ಹೋದರು. "ಹ್ವಾಯ್, ಕೂಕಣಿ ಕೂಕಣಿ! ನಂಗ್ ಇಷ್ಟೆಲ್ಲ ಮರ್ಯಾದಿ ಎಂತಕೆ?" ಅಷ್ಟು ಖುಷಿಪಟ್ಟವರಿಗೆ ನಿಜ ಹೇಳುವುದು ಹೇಗೆ? ಕೂತೆವು. ಚಾ ಬಂತು. ಅವರು ಹೊರಡುವಾಗ ಎರಡು ಹೊಸ ಕೆಲಸ ನಮ್ಮ ತಲೆಗೆ ಬಿದ್ದಿತ್ತು. ಅವತ್ತೂ ಬಸ್ಸು ತಪ್ಪಿತು. ನನಗೆ ಅಳು ಬರುವಷ್ಟು ಸಿಟ್ಟು.

ಮರುದಿನ ನಾನೇ ಹೇಳಿದೆ, "ಸರ್, ಇದ್ ನಮ್ಗಲ್ಲ. ಕಾನ್‌ಬಾನ್ ಮಾಡ್ವ." ಅದು ಇನ್ನೊಂದು ಪದ್ಧತಿ: ಗೋಡೆಗೊಂದು ಹಲಗೆ, ಕೆಲಸಕ್ಕೊಂದು ಚೀಟಿ. 'ನಡೆಯುತ್ತಿದೆ' ಎಂಬ ಕಡೆ ಮೂರೇ ಚೀಟಿಗೆ ಜಾಗ. ಒಂದು ಇಳಿಯದೆ ಇನ್ನೊಂದು ಹತ್ತುವಂತಿಲ್ಲ. ಬಾಸ್ ತಲೆ ಕೆರೆದುಕೊಂಡು ಒಪ್ಪಿದರು.

ಮಾಲೀಕರು ಮತ್ತೆ ಬಂದರು, ಮತ್ತೊಂದು ಬದಲಾವಣೆ ಹೊತ್ತು. "ಆತ್" ಎಂಬುದು ಬಾಸ್ ತುಟಿಯವರೆಗೆ ಬಂದದ್ದನ್ನು ಕಂಡೆ. ಅವರು ಅದನ್ನು ನುಂಗಿ ಹಲಗೆ ತೋರಿಸಿದರು. "ನೀವೇ ಹೇಳಿ, ಯಾವ್ದ್ ಇಳ್ಸುದ್?"

ಮಾಲೀಕರು ಮೂರೂ ಚೀಟಿ ಓದಿದರು. "ಎಲ್ಲ ನಂದೇ ಅಲ್ದಾ ಮಾರಾಯ್ರೆ! ಇರ್ಲಿ, ಕಾಯ್ತೆ."

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆ ಸಂಜೆ ನಾನು ಚೀಲ ಎತ್ತಿಕೊಂಡು ಆರರ ಬಸ್ಸಿಗೆ ಸರಿಯಾಗಿ ಬಸ್ ಸ್ಟ್ಯಾಂಡಿಗೆ ನಡೆದೆ.

ಬೆಳಕಿರುವಾಗಲೇ ಅಂಗಳಕ್ಕೆ ಬಂದ ನನ್ನನ್ನು ಕಂಡು ಅತ್ತೆಗೆ ಗಾಬರಿ. "ಇಷ್ಟ್ ಬೇಗ ಎಂತಕ್ ಬಂದದ್? ಕೆಲ್ಸ ಬಿಟ್ಟೇ ಬಂದ್ಯಾ?"

ಬಿಡು ಎಂದವರು ಇವರೇ! "ಇಲ್ಲೆ ಅತ್ತೆ, ನಾಳೆಯೂ ಹೋಯ್ಕ್."

ಅತ್ತೆ ನೆಮ್ಮದಿಯ ಉಸಿರು ಬಿಟ್ಟರು. ಮಗಳನ್ನು ನನ್ನ ಕೈಗೆ ದಾಟಿಸುತ್ತಾ ಕೇಳಿದರು, "ಹಾಂಗಾರೆ ನಾಳೆ ಬುತ್ತಿಗೆ ಎಂತ ಮಾಡುದ್?"